ಅಣುಗಳ ಆಕಾರವೂ ನಮ್ಮ ಮನೆಯ ಕೊಬ್ಬರಿ ಎಣ್ಣೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಅಟ್ಟವೆಂದರೆ ಕೊಬ್ಬರಿಯ ಉಗ್ರಾಣವೆಂದೇ ಅರ್ಥ. ಅಟ್ಟಕ್ಕೇರಿದ ಕಾಯಿಯು ಎಂಟು ಹತ್ತು ತಿಂಗಳು ಅಲ್ಲಿಯೇ ಇದ್ದು, ಒಳಗಣ ನೀರೆಲ್ಲ ಆರಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಸದ್ದು ಮಾಡತೊಡಗಿದಾಗ ಉಂಡೆ ಕೊಬ್ಬರಿಯಾಯಿತೆಂದು ನಮ್ಮ ಹೆಂಗಸರು ತಿಳಿದುಕೊಳ್ಳುವರು. ಇಂಥ ಮನೆಗಳಿಂದಲೇ ನಮ್ಮ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಬಂದವರು. ಆದುದರಿಂದ ರಸಾಯನಶಾಸ್ತ್ರದ ಒಂದು ಪಾಠವನ್ನು ಈ ಸಂಚಿಕೆಗೆ ಬರೆಯಬೇಕೆಂದು ಅಪ್ಪಣೆಯಾದಾಗ, ಪಠ್ಯಪುಸ್ತಕದಿಂದ ಆರಂಭಿಸುವುದಕ್ಕಿಂತ ಒಂದು ಎಣ್ಣೆಯ ಸೀಸೆಯಿಂದ ಆರಂಭಿಸುವುದೇ ಮೇಲೆಂದು ನಮಗೆ ತೋರಿತು.

ಕೆಲವು ವರ್ಷಗಳ ಹಿಂದೆ, ಮಾರ್ಗಶಿರ ಮಾಸದ ಒಂದು ಬೆಳಿಗ್ಗೆ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಸೀಸೆಯನ್ನು ತಂದು ಮೇಜಿನ ಮೇಲಿಟ್ಟಳು. “ಟೀಚರ್, ಗಾಣದವರು ಇದಕ್ಕೆ ಮೇಣ ಬೆರೆಸಿದ್ದಾರೆಂದು ನಮ್ಮಜ್ಜಿ ಹೇಳುತ್ತಾರೆ. ಇನ್ನು ಮೇಲೆ ಅವರಲ್ಲಿ ಎಣ್ಣೆ ಕೊಳ್ಳುವುದಿಲ್ಲವಂತೆ” ಎಂದಳು. ಆ ಗಾಣದವರ ಮಗಳು ಅದೇ ತರಗತಿಯಲ್ಲಿ, ಅದೇ ಬೆಂಚಿನಲ್ಲಿ ಕುಳಿತಿದ್ದಳು. ಅವಳು ತಲೆ ತಗ್ಗಿಸಿದುದನ್ನು ಕಂಡು ನಮಗೆ ಮನಸ್ಸಿಗೆ ಕಷ್ಟವಾಗಿ, ಅವಸರದಿಂದ, “ಶುದ್ಧವಾದ ಕೊಬ್ಬರಿ ಎಣ್ಣೆಯು ಚಳಿಗೆ ಹೆಪ್ಪುಗಟ್ಟುವುದೇ ಸಹಜ, ಹೆಪ್ಪುಗಟ್ಟಿದ್ದೇ ಅದರ ಶುದ್ಧಿಗೆ ಸಾಕ್ಷಿ” ಎಂದು ಹೇಳಿಬಿಟ್ಟೆವು. ಆಗ ತಲೆ ತಗ್ಗಿಸಿದ್ದ ಹುಡುಗಿಯೇ ಎದ್ದು ನಿಂತು, “ಹಾಗಾದರೆ ವನಸ್ಪತಿಯೂ ಹೆಪ್ಪುಗಟ್ಟಿಯೇ ಇರುತ್ತದಲ್ಲ, ಟೀಚರ್?” ಎಂದು ಕೇಳಿದಳು.

ತನ್ನ ಮನೆಗೆ ಅನುಕೂಲವಾದ ಮಾತನ್ನು ತಾನೇ ಪ್ರಶ್ನಿಸಿದ ಆ ಹುಡುಗಿಯ ಮುಂದೆ ನಾವು ನಾಚಿದೆವು. ನಮ್ಮ ಮಾತಿನ ಮೊದಲರ್ಧ ಸರಿ, ಎರಡನೆಯ ಅರ್ಧ ತಪ್ಪು. ಒಂದು ಎಣ್ಣೆ ಏಕೆ ಹೆಪ್ಪುಗಟ್ಟುವುದು, ಇನ್ನೊಂದು ಏಕೆ ಹೆಪ್ಪುಗಟ್ಟುವುದಿಲ್ಲ ಎಂಬುದನ್ನು ನಾವು ಬಾಯಿಪಾಠವಾಗಿ ಬಲ್ಲೆವೇ ಹೊರತು, ಕಾರಣವನ್ನು ತರಗತಿಯಲ್ಲಿ ಎಂದೂ ಬಿಡಿಸಿ ಹೇಳಿರಲಿಲ್ಲ. ಮುಂದಿನ ಒಂದು ವಾರದ ಪಾಠವೆಲ್ಲ ಅದಕ್ಕೇ ವಿನಿಯೋಗವಾಯಿತು. ಅದನ್ನೇ ಇಲ್ಲಿ ಸಂಗ್ರಹಿಸಿ ಬರೆಯುತ್ತೇವೆ.

ಪ್ರತಿಯೊಂದು ಪದಾರ್ಥವೂ ಅಣುಗಳಿಂದಾದದ್ದು. ಅಣುಗಳು ಪರಮಾಣುಗಳ ಜೋಡಣೆಯಿಂದಾದವು. ಪರಮಾಣುವಿನ ನಡುವೆ ಧನ ವಿದ್ಯುತ್ತುಳ್ಳ ಬೀಜವೂ ಅದರ ಸುತ್ತ ಋಣ ವಿದ್ಯುತ್ತುಳ್ಳ ಎಲೆಕ್ಟ್ರಾನುಗಳೂ ಇರುವುವು. ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಸಮಾನವಾಗಿ ಇಟ್ಟುಕೊಂಡು ಪಾಲುಗಾರರಾದಾಗ ಅವುಗಳ ನಡುವೆ ಬಂಧವುಂಟಾಗುವುದೆಂದು ಅಮೆರಿಕಾದ ಗಿಲ್ಬರ್ಟ್ ಲೂಯಿಸರು ೧೯೧೬ರಲ್ಲಿ ತಿಳಿಸಿದರು. ಹೊರಸುತ್ತಿನ ಎಲೆಕ್ಟ್ರಾನುಗಳೆಲ್ಲವೂ ಹೀಗೆ ಪಾಲಿಗೆ ಹೋಗಬೇಕೆಂಬ ನಿಯಮವಿಲ್ಲ. ಕೆಲವು ಜೋಡಿಗಳು ಒಂದೇ ಪರಮಾಣುವಿನ ಸ್ವಂತ ಸೊತ್ತಾಗಿ ಉಳಿಯುವುವು. ಇವನ್ನು ಹಂಚಿಕೆಯಾಗದ ಜೋಡಿಗಳೆಂದು ಕರೆಯೋಣ.

ಈ ಜೋಡಿಗಳು ಒಂದರ ಬಳಿ ಒಂದು ಇರಲೊಲ್ಲವು. ಒಂದನ್ನೊಂದು ದೂಡಿ, ನಡುವಣ ಪರಮಾಣುವಿನ ಸುತ್ತ ಎಷ್ಟು ದೂರ ದೂರ ನಿಲ್ಲಲು ಸಾಧ್ಯವೋ ಅಷ್ಟು ದೂರ ನಿಲ್ಲುವುವು. ಅಣುವಿನ ಆಕಾರವು ಇದರಿಂದಲೇ ನಿರ್ಣಯವಾಗುವುದು. ಇಂಗ್ಲೆಂಡಿನ ಸಿಡ್ಜ್‌ವಿಕ್ ಮತ್ತು ಪವೆಲ್ ಎಂಬ ವಿದ್ವಾಂಸರು ೧೯೪೦ರಲ್ಲಿ ರಾಯಲ್ ಸೊಸೈಟಿಯ ಒಂದು ಉಪನ್ಯಾಸದಲ್ಲಿ ಈ ವಿಚಾರವನ್ನು ಮುಂದಿಟ್ಟರು. ೧೯೫೭ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಎಂಬುವರು ಅದನ್ನು ತಿದ್ದಿ ಬೆಳೆಸಿ, ಶಾಲೆಯ ಮಕ್ಕಳೂ ಉಪಯೋಗಿಸತಕ್ಕ ನಿಯಮವನ್ನಾಗಿ ಮಾಡಿದರು. ದೊಡ್ಡ ಗಣಿತವೇನೂ ಬೇಕಿಲ್ಲ. ಎಣಿಸಲು ಬಂದರೆ ಸಾಕು.

ನಾವು ಇದನ್ನು ಕಲಿಸಿದ್ದು ತೋಟದಲ್ಲಿ ಉದುರಿ ಬಿದ್ದ ತೆಂಗಿನ ಹೀಚುಗಳಿಂದಲೂ ಗರಿಯ ಕಡ್ಡಿಗಳಿಂದಲೂ. ಹೀಚು ಪರಮಾಣು, ಕಡ್ಡಿ ಎಲೆಕ್ಟ್ರಾನ್ ಜೋಡಿ. ಎರಡು ಕಡ್ಡಿಗಳನ್ನು ಆದಷ್ಟು ದೂರವಾಗಿ ಚುಚ್ಚಿರೆಂದರೆ, ಹುಡುಗಿಯರು ಎದುರುಬದುರಾಗಿ ಒಂದೇ ಸಾಲಿನಲ್ಲಿ ಚುಚ್ಚಿದರು. ಮೂರೆಂದರೆ, ಒಂದೇ ಸಮತಲದಲ್ಲಿ ೧೨೦ ಡಿಗ್ರಿಗಳ ಅಂತರದಲ್ಲಿ ಚುಚ್ಚಿದರು. ನಾಲ್ಕೆಂದಾಗ ಬಹುಮಟ್ಟಿಗೆ ಎಲ್ಲರೂ ಕರಿಹಲಗೆಯ ಮೇಲೆ ನಾವು ಬರೆಯುವಂತೆಯೇ, ನಾಲ್ಕು ದಿಕ್ಕಿಗೆ ನಾಲ್ಕಾಗಿ, ೯೦ ಡಿಗ್ರಿಗಳ ಅಂತರದಲ್ಲಿ ಚುಚ್ಚಿ ತೋರಿಸಿದರು. “ಇದಕ್ಕಿಂತ ದೂರ ಸರಿಯಲಾರವೆ?” ಎಂದು ಕೇಳಿದೆವು. ಸ್ವಲ್ಪ ಹೊತ್ತು ಗದ್ದಲವಾಯಿತು. ಕಡೆಗೆ ಒಬ್ಬಳು ಒಂದು ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ಉಳಿದ ಮೂರನ್ನು ಅಡುಗೆ ಒಲೆಯ ಮುಂದಿಡುವ ಮುಕ್ಕಾಲಿಯ ಕಾಲುಗಳಂತೆ ಕೆಳಗೆ ಹರಡಿದಳು. ಕೋನವನ್ನು ಅಳೆದರೆ ಸುಮಾರು ೧೦೯ ಡಿಗ್ರಿ! ಕಾಗದದ ಮೇಲೆ ಚಪ್ಪಟೆಯಾಗಿ ಬರೆಯುವ ನಮ್ಮ ಅಭ್ಯಾಸವು ಮಕ್ಕಳ ಕಣ್ಣಿಗೆ ಎಂಥ ಪರದೆ ಕಟ್ಟುವುದೆಂಬುದು ಆ ದಿನ ನಮಗೇ ಪಾಠವಾಯಿತು. ಈ ಆಕಾರಕ್ಕೆ ಚತುಷ್ಫಲಕವೆಂದು ಹೆಸರು. ತುದಿಗಳನ್ನು ಸೇರಿಸಿದರೆ ನಾಲ್ಕು ತ್ರಿಕೋನ ಮುಖಗಳುಳ್ಳ ಘನವಾಗುವುದು. ಇಂಗಾಲದ ನಾಲ್ಕು ಬಂಧಗಳು ಹೀಗೆಯೇ ಇರತಕ್ಕವೆಂದು ವಾಂಟ್ ಹಾಫ್ ಮತ್ತು ಲ ಬೆಲ್ ಎಂಬುವರು ಎಲೆಕ್ಟ್ರಾನಿನ ಹೆಸರೇ ಇಲ್ಲದಿದ್ದ ೧೮೭೪ರಲ್ಲಿ, ಬೇರೆ ಬೇರೆ ಆಧಾರಗಳಿಂದ ಊಹಿಸಿದ್ದರೆಂಬುದು ಸ್ಮರಣೀಯ.

ಇಂಗಾಲದ ಒಂದು ಪರಮಾಣುವಿಗೆ ಜಲಜನಕದ ನಾಲ್ಕು ಸೇರಿದರೆ ಮೀಥೇನ್ ಅನಿಲ. ಸಗಣಿ ಅನಿಲದಲ್ಲಿ ಉರಿಯುವ ಭಾಗವೇ ಅದು. ಅಲ್ಲಿ ನಾಲ್ಕು ಜೋಡಿಗಳೂ ಪಾಲಿಗೆ ಹೋಗಿವೆ, ಕೋನ ೧೦೯.೫ ಡಿಗ್ರಿ. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಚುರುಕು ಮುಟ್ಟಿಸುವ ಅಮೋನಿಯಾದಲ್ಲಿ ಸಾರಜನಕದ ಸುತ್ತಲೂ ನಾಲ್ಕೇ ಜೋಡಿಗಳು. ಆದರೆ ಅವುಗಳಲ್ಲಿ ಒಂದು ಹಂಚಿಕೆಯಾಗದ ಜೋಡಿ. ಅದನ್ನು ಎಳೆಯಲು ಆಚೆ ಕಡೆಯಲ್ಲಿ ಇನ್ನೊಂದು ಬೀಜವಿಲ್ಲವಾದುದರಿಂದ ಅದು ತನ್ನ ಪರಮಾಣುವಿನ ಹತ್ತಿರವೇ ಅಗಲವಾಗಿ ಹರಡಿಕೊಂಡು, ಮಿಕ್ಕ ಮೂರನ್ನು ಸ್ವಲ್ಪ ಒತ್ತುವುದು. ಕೋನವು ಸುಮಾರು ೧೦೭ಕ್ಕೆ ಇಳಿಯುವುದು. ನೀರಿನಲ್ಲಿ ಆಮ್ಲಜನಕದ ಸುತ್ತ ಇಂಥ ಜೋಡಿಗಳು ಎರಡು, ಕೋನವು ೧೦೪.೫ ಡಿಗ್ರಿ. ನೀರಿನ ಅಣುವು ನೆಟ್ಟಗಿಲ್ಲ, ಬಾಗಿದೆ. ಜಂತಿಗೆ ಹಾಕಿದ ಕೊಕ್ಕೆಯಂತೆ ಎಂದಳು ಒಬ್ಬಳು, ಇರಲಿ.

ಈ ಬಾಗುವಿಕೆಯು ಅಲ್ಪ ಸಂಗತಿಯೆಂದು ವಾಚಕರು ತಿಳಿಯಬಾರದು. ನೀರಿನ ಅಣು ಬಾಗಿರುವುದರಿಂದಲೇ ಅದರ ಒಂದು ಪಕ್ಕ ಸ್ವಲ್ಪ ಋಣವಾಗಿಯೂ ಇನ್ನೊಂದು ಪಕ್ಕ ಸ್ವಲ್ಪ ಧನವಾಗಿಯೂ ಇರುವುದು. ಹೀಗೆ ಎರಡು ಪಕ್ಕಗಳುಳ್ಳ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವುವು. ಲವಣಗಳನ್ನೂ ಸಕ್ಕರೆಯನ್ನೂ ತಮ್ಮೊಳಗೆ ಕರಗಿಸಿಕೊಳ್ಳುವುವು. ಎಳನೀರಿನ ಸಿಹಿಯೂ ಅದರಲ್ಲಿರುವ ಪೊಟ್ಯಾಸಿಯಂ ಲವಣಗಳೂ ನೀರಿನಲ್ಲಿ ನಿಂತಿರುವುದು ಈ ಗುಣದಿಂದ. ಒಲೆಯಲ್ಲಿ ಕರಟ ಉರಿದಾಗ ಹೊರಡುವ ಇಂಗಾಲಾಮ್ಲ ವಾಯುವಿನೊಡನೆ ಇದನ್ನು ಹೋಲಿಸಿರಿ. ಅದರಲ್ಲಿ ಇಂಗಾಲದ ನಾಲ್ಕು ಜೋಡಿಗಳು ಎರಡೆರಡಾಗಿ ಎರಡು ಆಮ್ಲಜನಕಗಳ ಪಾಲಿಗೆ ಹೋಗಿವೆ. ಒಂದೇ ಬಂಧದೊಳಗಿನ ಎರಡು ಜೋಡಿಗಳನ್ನು ಆಕಾರದ ಲೆಕ್ಕಕ್ಕೆ ಒಂದೇ ಗುಂಪಾಗಿ ಎಣಿಸಬೇಕು. ಗುಂಪುಗಳು ಎರಡಾದುದರಿಂದ ಅಣುವು ನೆಟ್ಟಗೆ. ಎರಡು ಕಡೆಯ ಎಳೆತವೂ ಸಮವಾಗಿ ಕಳೆದುಹೋಗುವುದು. ಗಂಧಕ ಸುಟ್ಟಾಗ ಬರುವ ಘಾಟಿನ ಅನಿಲದಲ್ಲಿಯೂ ಎರಡು ಆಮ್ಲಜನಕಗಳೇ; ಆದರೆ ಗಂಧಕದ ಮೇಲೆ ಹಂಚಿಕೆಯಾಗದ ಜೋಡಿಯೊಂದು ಉಳಿದಿರುವುದರಿಂದ ಗುಂಪುಗಳು ಮೂರು, ಅಣುವು ಬಾಗಿ ಕೋನವು ಸುಮಾರು ೧೧೯. ಈ ಬಾಗಿದ ಅನಿಲವು ಸೊನ್ನೆಗಿಂತ ೧೦ ಡಿಗ್ರಿ ಕೆಳಗೆ ಇಳಿಯುತ್ತಲೇ ದ್ರವವಾಗುವುದು. ನೆಟ್ಟಗಿರುವ ಇಂಗಾಲಾಮ್ಲ ವಾಯುವು ಸೊನ್ನೆಗಿಂತ ೭೮ ಡಿಗ್ರಿ ಕೆಳಗೆ ಇಳಿದ ಮೇಲೆಯೇ ಹಿಮದಂತೆ ಗಟ್ಟಿಯಾಗುವುದು.

ಇನ್ನು ಎಣ್ಣೆಗೆ ಬರೋಣ. ಎಣ್ಣೆಯ ಅಣುವೆಂದರೆ ಗ್ಲಿಸರಿನ್ನಿನ ತುಂಡೊಂದಕ್ಕೆ ಮೂರು ಉದ್ದನೆಯ ಕೊಬ್ಬಿನಾಮ್ಲಗಳ ಸರಪಳಿಗಳು ತಗುಲಿಕೊಂಡಿರುವುದು. ಸರಪಳಿಯಲ್ಲಿ ಇಂಗಾಲಗಳು ಒಂದರ ಕೈ ಒಂದು ಹಿಡಿದು ನಿಂತಿವೆ. ಪ್ರತಿಯೊಂದರ ಸುತ್ತಲೂ ನಾಲ್ಕು ಜೋಡಿಗಳಿದ್ದರೆ ಕೋನವು ಎಲ್ಲೆಲ್ಲಿಯೂ ಸುಮಾರು ೧೦೯ರಿಂದ ೧೧೨. ಸರಪಳಿಯು ಅಂಕುಡೊಂಕಾಗಿ ಹೋದರೂ ಒಟ್ಟಿನಲ್ಲಿ ನೇರವಾಗಿಯೇ ಚಾಚಿಕೊಳ್ಳಬಲ್ಲುದು. ಎರಡು ಇಂಗಾಲಗಳ ನಡುವೆ ದ್ವಿಬಂಧವಿದ್ದರೆ ಅಲ್ಲಿ ಗುಂಪುಗಳು ಮೂರೇ ಆಗಿ ಕೋನವು ೧೨೦ರ ಹತ್ತಿರಕ್ಕೆ ಬರುವುದು, ಆ ಭಾಗವು ಚಪ್ಪಟೆಯಾಗುವುದು. ಇನ್ನೊಂದು ಸಂಗತಿಯುಂಟು. ಎರಡು ಹೀಚುಗಳನ್ನು ಒಂದೇ ಕಡ್ಡಿಯಿಂದ ಸೇರಿಸಿದರೆ ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಬಹುದು. ಎರಡು ಕಡ್ಡಿಗಳಿಂದ ಸೇರಿಸಿದರೆ ತಿರುಗಿಸಲಾಗದು. ದ್ವಿಬಂಧವೂ ಹಾಗೆಯೇ ತಿರುಗದೆ ಬಿಗಿದು ನಿಲ್ಲುವುದು. ಆದುದರಿಂದ ಸರಪಳಿಯ ಎರಡು ಭಾಗಗಳು ದ್ವಿಬಂಧದ ಒಂದೇ ಪಕ್ಕಕ್ಕೆ ನಿಂತರೆ ಸರಪಳಿಯಲ್ಲಿ ಮೊಣಕೈಯಂಥ ಬಾಗು ಶಾಶ್ವತವಾಗಿ ಉಳಿಯುವುದು. ಎದುರು ಪಕ್ಕಗಳಿಗೆ ನಿಂತರೆ ಹೆಚ್ಚು ಕಡಮೆ ನೇರವಾಗಿಯೇ ಇರುವುದು. ಈ ಎರಡರಲ್ಲಿ ಯಾವುದಾಗುವುದೆಂಬುದನ್ನು ನಮ್ಮ ನಿಯಮವು ಹೇಳಲಾರದು. ಗಿಡಮರಗಳು ತಮ್ಮ ಬೀಜಗಳಲ್ಲಿ ಸಾಮಾನ್ಯವಾಗಿ ಮೊದಲನೆಯ ರೀತಿಯನ್ನೇ ನಿರ್ಮಿಸುವುವು.

೧೮ ಇಂಗಾಲಗಳ ಸರಪಳಿಯೊಂದರ ಮೂರು ರೂಪಗಳನ್ನು ನೋಡಿರಿ. ದ್ವಿಬಂಧವೇ ಇಲ್ಲದ ಸ್ಟಿಯರಿಕ್ ಆಮ್ಲವು ಸುಮಾರು ೬೯ ಡಿಗ್ರಿಯಲ್ಲಿ ಕರಗುವುದು. ನಡುವೆ ಒಂದು ದ್ವಿಬಂಧವಿದ್ದು ಬಾಗಿರುವ ಓಲಿಯಿಕ್ ಆಮ್ಲವು ಸುಮಾರು ೧೩ರಲ್ಲಿಯೇ ಕರಗುವುದು. ಅದೇ ಸ್ಥಳದಲ್ಲಿ ಅದೇ ದ್ವಿಬಂಧವಿದ್ದರೂ ನೇರವಾಗಿರುವ ಇಲೈಡಿಕ್ ಆಮ್ಲವು ಸುಮಾರು ೪೫ರಲ್ಲಿ ಕರಗುವುದು. ಕೊನೆಯ ಎರಡರಲ್ಲಿ ಪರಮಾಣುಗಳ ಲೆಕ್ಕದಲ್ಲಿ ಒಂದರಷ್ಟೂ ವ್ಯತ್ಯಾಸವಿಲ್ಲ; ಇರುವುದು ಆಕಾರದ ವ್ಯತ್ಯಾಸವೊಂದೇ. ನೇರವಾದ ಸೌದೆಗಳನ್ನು ಒಟ್ಟಿದರೆ ಬಿಗಿಯಾಗಿ ಕೂರುವುವು, ಡೊಂಕು ಸೌದೆಗಳ ನಡುವೆ ಸಂದು ಬೀಳುವುದು, ಅಣುಗಳೂ ಹಾಗೆಯೇ.

ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆಗಳಲ್ಲಿ ಬಾಗಿದ ಸರಪಳಿಗಳೇ ಹೆಚ್ಚು. ನಮ್ಮ ಸೀಮೆಯ ಚಳಿಗೆ ಅವು ಹೆಪ್ಪುಗಟ್ಟುವುದಿಲ್ಲ. ಕೊಬ್ಬರಿ ಎಣ್ಣೆಯ ಸರಪಳಿಗಳಲ್ಲಿ ನೂರಕ್ಕೆ ಸುಮಾರು ೯೦ ಬಾಗಿಲ್ಲದವು. ಹಾಗಿದ್ದರೆ ಅದು ಬೇಸಗೆಯಲ್ಲಿಯೂ ಗಟ್ಟಿಯಾಗಿರಬೇಕಲ್ಲವೇ ಎಂದು ಕೇಳಬಹುದು. ಅವು ಗಿಡ್ಡ ಸರಪಳಿಗಳು. ಅರ್ಧಕ್ಕೆ ಹತ್ತಿರ ಹತ್ತಿರ ಲಾರಿಕ್ ಆಮ್ಲ, ಅದಕ್ಕೆ ೧೨ ಇಂಗಾಲಗಳು ಮಾತ್ರ. ಗಿಡ್ಡವಾದ ಸರಪಳಿಗಳ ಪರಸ್ಪರ ಹಿಡಿತವು ಕಡಮೆ. ನೇರವಾಗಿರುವುದು ಹೆಪ್ಪಿನ ಕಡೆಗೆ ಎಳೆಯುವುದು, ಗಿಡ್ಡವಾಗಿರುವುದು ಕರಗುವ ಕಡೆಗೆ ಎಳೆಯುವುದು. ಎರಡೂ ಸೇರಿ ಕೊಬ್ಬರಿ ಎಣ್ಣೆಯು ಸುಮಾರು ೨೪ ಡಿಗ್ರಿಯಲ್ಲಿ ಕರಗುವುದು. ಮಾರ್ಗಶಿರದ ಬೆಳಗಿನಲ್ಲಿ ಅಡುಗೆಮನೆಯ ಗೂಡು ಅದಕ್ಕಿಂತ ತಂಪಾಗಿರುವುದು. ಅಜ್ಜಿಯ ಸೀಸೆಯ ವಿಚಾರವಿಷ್ಟೇ.

ಗಾಣದವರ ಮಗಳು ಎತ್ತಿದ ವನಸ್ಪತಿಯ ಪ್ರಶ್ನೆ ಇನ್ನೂ ಗಹನವಾದುದು. ಬಾಗಿದ ಸರಪಳಿಗಳುಳ್ಳ ಅಗ್ಗದ ಎಣ್ಣೆಗೆ ಲೋಹದ ಪುಡಿಯ ಸಾನ್ನಿಧ್ಯದಲ್ಲಿ ಜಲಜನಕವನ್ನು ಹಾಯಿಸಿದರೆ ದ್ವಿಬಂಧಗಳು ತುಂಬಿ, ಸರಪಳಿಗಳು ನೇರವಾಗಿ, ಎಣ್ಣೆ ತುಪ್ಪದಂತೆ ಗಟ್ಟಿಯಾಗುವುದು. ಈ ಕಾರ್ಯವನ್ನು ಪೂರ್ತಿಯಾಗಿ ಮಾಡದೆ ನಡುವೆ ನಿಲ್ಲಿಸಿದರೆ, ಉಳಿದ ದ್ವಿಬಂಧಗಳಲ್ಲಿ ಕೆಲವು ಬಾಗಿದ ರೂಪವನ್ನು ಬಿಟ್ಟು ನೇರ ರೂಪಕ್ಕೆ ತಿರುಗಿಕೊಳ್ಳುವುವು. ಇವೇ ಟ್ರಾನ್ಸ್ ಕೊಬ್ಬುಗಳು. ಇವು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ, ಒಳ್ಳೆಯದನ್ನು ತಗ್ಗಿಸಿ, ಹೃದಯಕ್ಕೆ ಕೇಡು ಮಾಡುವುವೆಂದು ವೈದ್ಯಶಾಸ್ತ್ರವು ನಿರ್ಣಯಿಸಿದೆ. ೨೦೦೩ರಲ್ಲಿ ಡೆನ್ಮಾರ್ಕ್ ದೇಶವು ಇದಕ್ಕೆ ಮೊದಲು ಕಟ್ಟುನಿಟ್ಟಿನ ಮಿತಿಯನ್ನಿಟ್ಟಿತು. ನಮ್ಮ ದೇಶದಲ್ಲಿ ೨೦೨೨ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ನೂರಕ್ಕೆ ೨ಕ್ಕಿಂತ ಹೆಚ್ಚು ಇರಕೂಡದೆಂದು ನಿಯಮವಾಗಿದೆ. ಒಂದು ಸರಪಳಿಯು ಬಾಗಿದೆಯೋ ನೇರವಾಗಿದೆಯೋ ಎಂಬುದನ್ನು ಸರ್ಕಾರವು ವಿಚಾರಿಸಬೇಕಾಗಿ ಬಂದಿತಲ್ಲ! ಕೊಬ್ಬರಿ ಎಣ್ಣೆಯು ಬಾಗಿಲ್ಲದ ಸರಪಳಿಗಳಿಂದಲೇ ತುಂಬಿದೆಯೆಂಬುದನ್ನೂ ಇಲ್ಲಿ ಮುಚ್ಚಿಡಬಾರದು. ಅದು ಟ್ರಾನ್ಸ್ ಕೊಬ್ಬಲ್ಲ. ಆದರೂ ಅದೂ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದರಿಂದ ಮಿತವಾಗಿ ಬಳಸತಕ್ಕದ್ದು. ತೆಂಗಿನ ಸೀಮೆಯವರಾದ ನಮಗೆ ಇದನ್ನು ಹೇಳುವುದು ಅಷ್ಟು ಸಂತೋಷದ ಕೆಲಸವಲ್ಲ.

ಕಣ್ಣಿಗೆ ಕಾಣದ ಅಣುವು ಬಾಗಿದೆಯೆಂದು ಹೇಗೆ ತಿಳಿಯಿತೆಂದು ತಂದೆತಾಯಿಗಳು ಕೇಳುವುದುಂಟು. ಒಂದು ದಾರಿಯನ್ನು ತೋರಿಸಿದವರು ನಮ್ಮವರೇ ಆದ ಸರ್ ಸಿ. ವಿ. ರಾಮನ್ನರು. ಅಣುಗಳ ಮೇಲೆ ಬಿದ್ದು ಚದರಿದ ಬೆಳಕಿನಲ್ಲಿ ಬೇರೆ ಬಣ್ಣದ ಕ್ಷೀಣವಾದ ರೇಖೆಗಳು ಬೆರೆತಿರುವುದನ್ನು ೧೯೨೮ರ ಫೆಬ್ರವರಿಯಲ್ಲಿ ಕಂಡುಹಿಡಿದು, ಅದೇ ವರ್ಷ ಮಾರ್ಚಿ ೧೬ರಂದು ಬೆಂಗಳೂರಿನ ಸಭೆಯಲ್ಲಿ ವಿವರಿಸಿದರು. ಆ ರೇಖೆಗಳು ಅಣುಗಳ ಕಂಪನದ ಗುರುತುಗಳು. ನೆಟ್ಟಗಿರುವ ಅಣು ಒಂದು ಬಗೆಯಾಗಿ, ಬಾಗಿರುವ ಅಣು ಇನ್ನೊಂದು ಬಗೆಯಾಗಿ ಕಂಪಿಸುವುವು. ಅವರು ೧೯೩೩ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದ ಮುಖ್ಯಾಧಿಕಾರಿಗಳಾಗಿ ಬಂದರು. ಆ ವರ್ಷವೇ ಬೊಂಬಾಯಿಯಿಂದ ಪ್ರವೇಶ ಕೋರಿ ಬಂದ ಕಮಲಾ ಭಾಗವತರನ್ನು, ಹೆಂಗಸೆಂಬ ಕಾರಣದಿಂದ, ಇದೇ ರಾಮನ್ನರು ಮೊದಲು ನಿರಾಕರಿಸಿದರೆಂಬುದನ್ನೂ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಹೇಳದೆ ಬಿಡಲಾಗದು. ಆಕೆ ಹಟ ಬಿಡದೆ ನಿಂತು ಸೇರಿದರು. ೧೯೩೯ರಲ್ಲಿ ಕೇಂಬ್ರಿಜ್ಜಿನಲ್ಲಿ ಡಾಕ್ಟರ್ ಪದವಿ ಪಡೆದರು. ಮುಂದೆ ಕಮಲಾ ಸೋಹೋನಿ ಎಂಬ ಹೆಸರಿನಿಂದ ನೀರಾದ ಪೌಷ್ಟಿಕ ಗುಣಗಳನ್ನು ಶೋಧಿಸಿದರು.

ಮತ್ತೊಂದು ದಾರಿ ಎಕ್ಸ್‌ಕಿರಣಗಳದು. ಬೆಂಜೀನಿನ ಆರು ಇಂಗಾಲಗಳ ಉಂಗುರವು ಚಪ್ಪಟೆಯೋ ಏರುತಗ್ಗೋ ಎಂದು ವಿದ್ವಾಂಸರು ಬಹುಕಾಲ ವಾದಿಸುತ್ತಿದ್ದರು. ಅದು ಚಪ್ಪಟೆಯೆಂದು ೧೯೨೯ರಲ್ಲಿ ಲೀಡ್ಸಿನಲ್ಲಿ ಸಿದ್ಧಪಡಿಸಿದವರು ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ಮಹಿಳೆ. ೧೯೪೫ರಲ್ಲಿ ರಾಯಲ್ ಸೊಸೈಟಿಗೆ ಮೊದಲು ಆಯ್ಕೆಯಾದ ಇಬ್ಬರು ಮಹಿಳೆಯರಲ್ಲಿ ಆಕೆ ಒಬ್ಬರು. ಉಂಗುರದ ಪ್ರತಿಯೊಂದು ಇಂಗಾಲದ ಸುತ್ತಲೂ ಗುಂಪುಗಳು ಮೂರು. ಆದುದರಿಂದ ಚಪ್ಪಟೆ, ಕೋನ ೧೨೦. ಇಂದು ನಮ್ಮ ಹುಡುಗಿಯರು ಬೆರಳೆಣಿಸಿ ಹೇಳುವುದನ್ನು ಆಕೆ ಸ್ಫಟಿಕದಿಂದ ಅಳೆದು ತೆಗೆದರು.

ನಿಯಮವು ಊಹಿಸುವುದರಲ್ಲಿಯೂ ಸಮರ್ಥವಾದುದು. ಯಾವುದರೊಡನೆಯೂ ಸೇರದೆಂದು ಹೆಸರಾಗಿದ್ದ ಕ್ಸೆನಾನ್ ಅನಿಲವು ಫ್ಲೋರೀನಿನೊಡನೆ ಸೇರುವುದೆಂದು ೧೯೬೨ರಲ್ಲಿ ತಿಳಿದುಬಂದಿತು. ನಾಲ್ಕು ಫ್ಲೋರೀನುಗಳೊಡನೆ ಸೇರಿದಾಗ ಕ್ಸೆನಾನಿನ ಸುತ್ತ ನಾಲ್ಕು ಬಂಧಗಳು, ಎರಡು ಹಂಚಿಕೆಯಾಗದ ಜೋಡಿಗಳು, ಒಟ್ಟು ಆರು. ದಪ್ಪನೆಯ ಜೋಡಿಗಳೆರಡೂ ಮೇಲೊಂದು ಕೆಳಗೊಂದಾಗಿ ದೂರ ನಿಂತರೆ ಫ್ಲೋರೀನುಗಳು ಚೌಕವಾಗಿ ಸಮತಲದಲ್ಲಿ ನಿಲ್ಲಬೇಕು. ಪರೀಕ್ಷಿಸಿದಾಗ ಹಾಗೆಯೇ ಇತ್ತು. ಆದರೆ ಎಲ್ಲೆಡೆಯೂ ಇದನ್ನು ನಂಬತಕ್ಕದ್ದಲ್ಲ. ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಜಲಜನಕದಲ್ಲಿ ಲೆಕ್ಕವೆಲ್ಲ ನೀರಿನಂತೆಯೇ. ಕೋನ ಮಾತ್ರ ೯೨. ೧೦೯ಕ್ಕಿಂತ ಕಡಮೆಯಾಗುವುದೆಂದು ನಿಯಮ ಹೇಳುವುದು, ಇಷ್ಟು ಕಡಮೆಯಾಗುವುದೆಂದು ಹೇಳಲಾರದು. ತಾಮ್ರ, ಕಬ್ಬಿಣ ಮುಂತಾದ ಲೋಹಗಳ ಸಂಯುಕ್ತಗಳಲ್ಲಿ ಅನೇಕ ಸಲ ದಾರಿ ತಪ್ಪಿಸುವುದು. ಎಲೆಕ್ಟ್ರಾನುಗಳು ಕಡ್ಡಿಗಳೂ ಅಲ್ಲ, ಚೆಂಡುಗಳೂ ಅಲ್ಲ. ಅವು ದೂರ ಸರಿಯುವುದಕ್ಕೆ ವಿದ್ಯುತ್ತಿನ ವಿಕರ್ಷಣೆಯಷ್ಟೇ ಕಾರಣವಲ್ಲ, ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಕೂಡದೆಂಬ ಪೌಲಿಯ ನಿಯಮವೂ ಕಾರಣ. ಅದನ್ನು ಕಾಲೇಜಿಗೆ ಹೋಗುವವರು ಅಲ್ಲಿ ಕಲಿಯಲಿ.

ಸೀಸೆಯ ನ್ಯಾಯವನ್ನು ಹೇಳುವುದು ಉಳಿಯಿತು. ಹೆಪ್ಪುಗಟ್ಟಿದ್ದು ಮೇಣಕ್ಕೂ ಸಾಕ್ಷಿಯಲ್ಲ, ಶುದ್ಧಿಗೂ ಸಾಕ್ಷಿಯಲ್ಲವೆಂದು ತರಗತಿಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡು, ಬೇರೆ ಪರೀಕ್ಷೆ ಮಾಡಿದೆವು. ಆ ಎಣ್ಣೆ ಸ್ವಲ್ಪಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಕಾಸ್ಟಿಕ್ ಪೊಟ್ಯಾಷನ್ನು ಹಾಕಿ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಎಣ್ಣೆಯೆಲ್ಲ ಸಾಬೂನಾಗುವುದು. ಮೇಣದ ಬತ್ತಿಯ ಮೇಣವು ಎಂದಿಗೂ ಸಾಬೂನಾಗದು. ಅನಂತರ ಬಿಸಿನೀರು ಹೊಯ್ದರೆ ಮೇಣವಿಲ್ಲದ್ದು ತಿಳಿಯಾಗಿ ನಿಲ್ಲುವುದು, ಮೇಣವುಳ್ಳದ್ದು ಕದಡುವುದು. ಹೋಲಿಕೆಗಾಗಿ ಅದೇ ಎಣ್ಣೆಯ ಇನ್ನೊಂದು ಪಾಲಿಗೆ ಮೇಣದ ಬತ್ತಿಯ ಚೂರನ್ನು ನಾವೇ ಬೆರೆಸಿ ಎರಡನೆಯ ನಳಿಕೆಯಲ್ಲಿಟ್ಟೆವು. ಎರಡೂ ಹುಡುಗಿಯರೇ ನೀರು ಹೊಯ್ದರು. ಎರಡನೆಯದು ಮಜ್ಜಿಗೆಯಂತೆ ಕದಡಿತು, ಮೊದಲನೆಯದು ತಿಳಿಯಾಗಿ ನಿಂತಿತು. ಬೇರೆ ಎಣ್ಣೆಗಳ ಬೆರಕೆಯನ್ನು ಹಿಡಿಯಲು ದ್ವಿಬಂಧಗಳು ಎಷ್ಟು ಅಯೋಡೀನನ್ನು ಹೀರುವುವೆಂದು ಅಳೆಯಬೇಕು. ಕೊಬ್ಬರಿ ಎಣ್ಣೆಗೆ ಆ ಅಂಕ ೧೦ರ ಒಳಗೆ, ಕಡಲೆಕಾಯಿ ಎಣ್ಣೆಗೆ ೮೦ರ ಮೇಲೆ. ಆ ಸಲಕರಣೆ ನಮ್ಮ ಶಾಲೆಯಲ್ಲಿರಲಿಲ್ಲ. ಅಜ್ಜಿಯ ಆರೋಪವಾದರೋ ಮೇಣದ್ದು. ಅದಕ್ಕೆ ಉತ್ತರ ಸಿಕ್ಕಿತು.

ಎರಡು ನಳಿಕೆಗಳನ್ನೂ ಬಿರಡೆ ಹಾಕಿ ಹುಡುಗಿಯರಿಬ್ಬರೂ ಅಜ್ಜಿಯ ಬಳಿಗೆ ಒಯ್ದರು. ಆ ಹಿರಿಯರು ನಳಿಕೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಸಾಬೂನಿನ ಮಾತು ತಮಗೆ ತಿಳಿಯದೆಂದೂ, ತಮ್ಮ ಅಟ್ಟದ ಕೊಬ್ಬರಿಯನ್ನೇ ಕಣ್ಣೆದುರಿಗೆ ಆಡಿಸಿಕೊಟ್ಟರೆ ನೋಡುವೆವೆಂದೂ ಹೇಳಿದರಂತೆ. ಗಾಣದವರು ಒಪ್ಪಿದರು. ಆ ಎಣ್ಣೆಯೂ ಮರುದಿನ ಬೆಳಿಗ್ಗೆ ಗೂಡಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು.